ಬೆನ್ನುಮೂಳೆಯ ಉರಿಯೂತ: ಯಾವ ಚಿಕಿತ್ಸೆ, ಯಾರಿಗೆ, ಎಷ್ಟು ದಿನ

ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿದು, ಕಾಲಕ್ರಮೇಣ ಒಂದಕ್ಕೊಂದು ಬೆಸೆಯಬಲ್ಲ ರೋಗಕ್ಕೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಹೆಸರು ಬಿದ್ದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಔಷಧ ಯಾವುದು? ಈ ಪ್ರಶ್ನೆಗೆ ಉತ್ತರವಿಲ್ಲ. ಇಂದು ಬಳಕೆಯಲ್ಲಿರುವ ಪ್ರಮುಖ ಔಷಧಗಳು ಬೆನ್ನಿನ ಮಟ್ಟಿಗೆ ಹೆಚ್ಚುಕಡಿಮೆ ಒಂದೇ ಬಲದವು. ಆಯ್ಕೆಯನ್ನು ತೀರ್ಮಾನಿಸುವುದು ಬೆನ್ನಿನ ಆಚೆಗಿನ ಸಂಗತಿಗಳು: ಕಣ್ಣು, ಕರುಳು, ಚರ್ಮ, ಹೊಟ್ಟೆ, ಮೂತ್ರಪಿಂಡ, ಹಳೆಯ ಟಿಬಿ, ಮಗುವಿನ ಯೋಜನೆ. ಇನ್ನೊಂದು ಪ್ರಶ್ನೆಯೂ ಅಷ್ಟೇ ಮುಖ್ಯ. ಈಗಾಗಲೇ ತೆಗೆದುಕೊಂಡ ಔಷಧಕ್ಕೆ ಪೂರ್ತಿ ಪ್ರಮಾಣವನ್ನೂ ಪೂರ್ತಿ ಅವಧಿಯನ್ನೂ ಕೊಟ್ಟಿದ್ದೀರಾ? "ಏನು ತಗೊಂಡರೂ ಪ್ರಯೋಜನ ಇಲ್ಲ" ಎನ್ನುವವರಲ್ಲಿ ಬಹಳಷ್ಟು ಮಂದಿ ಅರ್ಧ ಪ್ರಮಾಣವನ್ನು ನಾಲ್ಕು ದಿನ ನುಂಗಿ ಬಿಟ್ಟವರು.

ಇಲ್ಲಿ ಬರುವ ಪ್ರಮಾಣಗಳೆಲ್ಲ ವಯಸ್ಕರವು. ವಯಸ್ಸು, ಮೂತ್ರಪಿಂಡ, ಉಳಿದ ಮಾತ್ರೆಗಳನ್ನು ನೋಡಿ ರುಮಟಾಲಜಿಸ್ಟ್ (ಕೀಲು, ಉರಿಯೂತ ರೋಗಗಳ ತಜ್ಞ ವೈದ್ಯರು) ಇವನ್ನು ಬದಲಿಸುತ್ತಾರೆ.

ಮೊದಲು, ಯಾವ ನೋವು ಎಂದು ತಿಳಿಯಿರಿ

ಉರಿಯೂತದ ನೋವು ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ, ಗೊತ್ತಾಗದಂತೆ ಶುರುವಾಗುತ್ತದೆ. ರಾತ್ರಿಯ ಎರಡನೇ ಭಾಗದಲ್ಲಿ ಎಬ್ಬಿಸುತ್ತದೆ. ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟ ಹಿಡಿದುಕೊಂಡಿರುತ್ತದೆ. ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಇನ್ನಷ್ಟು ಬಿಗಿಯುತ್ತದೆ. ಪೃಷ್ಠದ ನೋವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವುದೂ ಇದರ ಗುರುತು. ಡಿಸ್ಕ್ ಅಥವಾ ಸ್ನಾಯುವಿನ ನೋವಿನ ನಡೆ ಇದಕ್ಕೆ ತದ್ವಿರುದ್ಧ: ಕೆಲಸ ಮಾಡಿದರೆ ಏರುತ್ತದೆ, ವಿಶ್ರಾಂತಿಗೆ ಇಳಿಯುತ್ತದೆ.

ಪರೀಕ್ಷೆಗಳ ತೂಕ ಒಂದೇ ಅಲ್ಲ. ಎಚ್‌ಎಲ್‌ಎ-ಬಿ27 ಎಂಬ, ಈ ರೋಗದೊಂದಿಗೆ ನಂಟಿರುವ ಜೀನಿನ ಪರೀಕ್ಷೆ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ, ನೆಗೆಟಿವ್ ಬಂದವರಿಗೂ ರೋಗ ಇರಬಹುದು. ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಸಹಜವಾಗಿದ್ದ ಮಾತ್ರಕ್ಕೆ ಉರಿಯೂತವಿಲ್ಲ ಎನ್ನಲಾಗದು. ಎಕ್ಸ್‌-ರೇಯಲ್ಲಿ ಸೇಕ್ರೊಇಲಿಯಾಕ್ ಕೀಲಿನ (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಜಾಗ) ಹಾನಿ ಕಾಣಲು ವರ್ಷಗಳೇ ಬೇಕು, ಎಂಆರ್‌ಐ ಅದಕ್ಕಿಂತ ಬಹಳ ಮೊದಲು ಮೂಳೆಯೊಳಗಿನ ಊತವನ್ನು ತೋರಿಸುತ್ತದೆ. ಎಂಆರ್‌ಐ ಮಾಡಿಸುವಾಗ ಸೊಂಟದ ಕಶೇರುಗಳಷ್ಟೇ ಸಾಲದು. ಸೇಕ್ರೊಇಲಿಯಾಕ್ ಕೀಲುಗಳ ಎಸ್‌ಟಿಐಆರ್ (ಊತ ಎದ್ದು ಕಾಣುವ ಬಗೆಯ) ಚಿತ್ರಗಳನ್ನೂ ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ರೋಗ ಇರುವ ಜಾಗವನ್ನೇ ಬಿಟ್ಟು ಉಳಿದದ್ದರ ಚಿತ್ರ ತೆಗೆದಂತಾಗುತ್ತದೆ. ಹಾಗೆಂದು ಆ ಕೀಲಿನಲ್ಲಿ ಕಂಡ ಊತವೆಲ್ಲ ಈ ರೋಗವೇ ಅಲ್ಲ. ದೂರ ಓಡುವವರಲ್ಲೂ ಹೆರಿಗೆಯಾದ ಹೊಸದರಲ್ಲೂ ಅಂಥದೇ ಊತ ಕಾಣಬಹುದು. ಲಕ್ಷಣ ಮತ್ತು ಚಿತ್ರ ಒಂದಕ್ಕೊಂದು ಹೊಂದಬೇಕು.

ಅಳತೆ ಇಲ್ಲದೆ ಹೋಲಿಕೆ ಇಲ್ಲ

ಎರಡು ಔಷಧಗಳಲ್ಲಿ ಯಾವುದು ವಾಸಿ ಎಂದು ನೆನಪಿನಿಂದ ಹೇಳಲಾಗದು. ಕೆಟ್ಟ ವಾರವೊಂದು ಹಿಂದಿನ ಎರಡು ಒಳ್ಳೆಯ ತಿಂಗಳನ್ನು ಮರೆಸಿಬಿಡುತ್ತದೆ. ವಾರಕ್ಕೊಮ್ಮೆ ನಾಲ್ಕು ಸಂಗತಿ ಬರೆದಿಟ್ಟರೆ ಸಾಕು: ಬೆಳಗಿನ ಬಿಗಿತ ಎಷ್ಟು ನಿಮಿಷ, ರಾತ್ರಿ ಎಷ್ಟು ಸಲ ಎಚ್ಚರ, ಸೊನ್ನೆಯಿಂದ ಹತ್ತರಲ್ಲಿ ಆಯಾಸ ಎಷ್ಟು, ನೋವು ಎಷ್ಟು.

ತಿಂಗಳಿಗೊಮ್ಮೆ ಟೇಪು ಹಿಡಿಯಿರಿ. ಗೋಡೆಗೆ ಹಿಮ್ಮಡಿ ಮತ್ತು ಪೃಷ್ಠ ಒತ್ತಿ ನಿಂತು, ಗಲ್ಲವನ್ನು ಮೇಲೆತ್ತದೆ ತಲೆಯ ಹಿಂಭಾಗ ತಾಗಿಸಲು ನೋಡಿ. ಸಹಜವಾಗಿದ್ದರೆ ಅಂತರ ಸೊನ್ನೆ. ಎದೆಯ ಸುತ್ತಳತೆಯನ್ನು ನಾಲ್ಕನೇ ಪಕ್ಕೆಲುಬಿನ ಮಟ್ಟದಲ್ಲಿ ಪೂರ್ತಿ ಉಸಿರು ಬಿಟ್ಟಾಗ ಒಮ್ಮೆ, ಪೂರ್ತಿ ಎಳೆದಾಗ ಒಮ್ಮೆ ಅಳೆಯಿರಿ. ವ್ಯತ್ಯಾಸ 2.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಎದೆಗೂಡು ಬಿಗಿಯುತ್ತಿದೆ ಎಂದರ್ಥ. ಎರಡನ್ನೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಬೇಕು, ಏಕೆಂದರೆ ಬೆಳಗಿಗೂ ಸಂಜೆಗೂ ಲೆಕ್ಕ ಬೇರೆ ಬರುತ್ತದೆ.

ವೈದ್ಯರು ಬಳಸುವ ಅಂಕಗಳು ಎರಡು. ಬಾಸ್ಡೈ (BASDAI) ಆರು ಪ್ರಶ್ನೆಗಳದು, ಹತ್ತಕ್ಕೆ 4 ಅಥವಾ ಹೆಚ್ಚು ಬಂದರೆ ರೋಗ ಚುರುಕಾಗಿದೆ. ಆಸ್‌ಡಾಸ್ (ASDAS) ಪ್ರಶ್ನೆಗಳ ಜೊತೆ ಸಿಆರ್‌ಪಿಯನ್ನೂ ಸೇರಿಸಿಕೊಳ್ಳುತ್ತದೆ: 1.3ಕ್ಕಿಂತ ಕಡಿಮೆ ಎಂದರೆ ರೋಗ ತಣ್ಣಗಿದೆ, 2.1 ದಾಟಿದರೆ ಹೆಚ್ಚು, 3.5 ದಾಟಿದರೆ ಬಹಳ ಹೆಚ್ಚು. ಔಷಧ ಕೆಲಸ ಮಾಡಿದೆ ಎನ್ನಲು ಇದು ಕನಿಷ್ಠ 1.1ರಷ್ಟು ಇಳಿಯಬೇಕು. ನಿಮ್ಮ ಅಂಕ ಎಷ್ಟು ಎಂದು ಪ್ರತಿ ಭೇಟಿಯಲ್ಲೂ ಕೇಳಿ ಬರೆದುಕೊಳ್ಳಿ. ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ.

ಮೊದಲ ಮೆಟ್ಟಿಲು: ಉರಿಯೂತ ಇಳಿಸುವ ಮಾತ್ರೆಗಳು

ಎನ್‌ಎಸ್‌ಎಐಡಿ ಗುಂಪಿನ ಈ ಮಾತ್ರೆಗಳನ್ನು "ಬರೀ ನೋವಿನ ಗುಳಿಗೆ" ಎಂದು ತಳ್ಳಿಹಾಕುವವರು ಬಹಳ. ಈ ರೋಗದಲ್ಲಿ ಅವು ನಿಜವಾದ ಚಿಕಿತ್ಸೆಯೇ. ಬೇಕಾದದ್ದು ಪೂರ್ತಿ ಪ್ರಮಾಣ. ನ್ಯಾಪ್ರೊಕ್ಸೆನ್ ಆದರೆ 500 ಮಿ.ಗ್ರಾಂ. ದಿನಕ್ಕೆರಡು ಸಲ. ಡೈಕ್ಲೋಫೆನಾಕ್ ದಿನಕ್ಕೆ ಒಟ್ಟು 150 ಮಿ.ಗ್ರಾಂ.ವರೆಗೆ, ಇಂಡೋಮೆಥಾಸಿನ್ 75ರಿಂದ 150, ಸೆಲೆಕಾಕ್ಸಿಬ್ 200ರಿಂದ 400, ಎಟೋರಿಕಾಕ್ಸಿಬ್ 60ರಿಂದ 90.

ಇವುಗಳಲ್ಲಿ ನೋವು ಇಳಿಸುವ ಬಲ ಯಾವುದಕ್ಕೂ ಎದ್ದು ಕಾಣುವಷ್ಟು ಹೆಚ್ಚಿಲ್ಲ. ವ್ಯತ್ಯಾಸವಿರುವುದು ಅಪಾಯದಲ್ಲಿ. ಹೊಟ್ಟೆ ಹುಣ್ಣಿನ ಇತಿಹಾಸವಿದ್ದರೆ ಸೆಲೆಕಾಕ್ಸಿಬ್ ಜೊತೆಗೆ ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ವಾಸಿ. ಹೃದಯದ ತೊಂದರೆಯ ಭಯವಿದ್ದರೆ ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಬೇಡ. ಅಂಥವರಿಗೆ ಮಾತ್ರೆ ಬೇಕೇಬೇಕೆಂದಾದರೆ ನ್ಯಾಪ್ರೊಕ್ಸೆನ್‌ನತ್ತ ನೋಡುವುದು ರೂಢಿ. ಆದರೆ ಅದಕ್ಕೆ ಹೊಟ್ಟೆಯ ಕಾಟ ಹೆಚ್ಚು. ರಕ್ತದೊತ್ತಡ 140/90ರ ಮೇಲೆಯೇ ನಿಂತಿದ್ದರೆ ಎಟೋರಿಕಾಕ್ಸಿಬ್ ಕೊಡುವಂತಿಲ್ಲ. ಹೃದಯಕ್ಕೆಂದು ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಐಬುಪ್ರೊಫೆನ್ ಆ ಆಸ್ಪಿರಿನ್ನಿನ ಕೆಲಸವನ್ನೇ ಕೆಡಿಸಬಹುದು. ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತ ಇದ್ದವರಿಗೆ ಇಡೀ ಗುಂಪೇ ಎಚ್ಚರದ ವಿಷಯ, ಕರುಳು ಕೆರಳಬಹುದು.

ರಾತ್ರಿಯ ನೋವೇ ದೊಡ್ಡದಾದವರಿಗೆ ದಿನದ ಪ್ರಮಾಣವನ್ನು ಹಂಚುವ ರೀತಿಯೂ ಮುಖ್ಯವಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ರಾತ್ರಿ ಊಟದ ನಂತರ ತೆಗೆದುಕೊಂಡರೆ ಅದರ ಪ್ರಭಾವ ಬೆಳಗಿನ ಬಿಗಿತದ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಬೆಳಗ್ಗೆ ಎದ್ದ ಮೇಲೆ ನುಂಗಿದರೆ ಆ ಹೊತ್ತು ಕಳೆದೇಹೋಗಿರುತ್ತದೆ.

ಒಂದು ಮಾತ್ರೆಗೆ ಎರಡು ವಾರ. ಸಾಲದಿದ್ದರೆ ಗುಂಪಿನ ಇನ್ನೊಂದಕ್ಕೆ ಎರಡು ವಾರ. ಹೀಗೆ ಕನಿಷ್ಠ ಎರಡು ಮಾತ್ರೆ, ಒಟ್ಟು ನಾಲ್ಕು ವಾರ ಪೂರ್ತಿ ಪ್ರಮಾಣದಲ್ಲಿ ನೋಡಿದ ಮೇಲೆ "ಸೋತಿದೆ" ಎನ್ನಬಹುದು. ಎರಡನ್ನೂ ಒಟ್ಟಿಗೆ ನುಂಗುವುದು ಸಾಮಾನ್ಯ ತಪ್ಪು: ಲಾಭ ಹೆಚ್ಚುವುದಿಲ್ಲ, ಹೊಟ್ಟೆ ಮತ್ತು ಮೂತ್ರಪಿಂಡದ ಅಪಾಯ ಮಾತ್ರ ಹೆಚ್ಚುತ್ತದೆ. ವಾಂತಿ, ಭೇದಿಯಾಗಿ ನೀರು ಕಳೆದುಕೊಂಡ ದಿನಗಳಲ್ಲಿ ಮಾತ್ರೆ ನಿಲ್ಲಿಸಿ. ರಕ್ತದೊತ್ತಡದ ಕೆಲವು ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಇವು ಸೇರಿದಾಗ ಮೂತ್ರಪಿಂಡ ದಿಢೀರ್ ಕೈಕೊಡುವುದು ಇಂಥ ದಿನಗಳಲ್ಲೇ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆ.

ದಿನವೂ ನುಂಗಬೇಕೇ, ನೋವಿದ್ದಾಗ ಮಾತ್ರವೇ? 2005ರ ಒಂದು ಅಧ್ಯಯನದಲ್ಲಿ ನಿರಂತರ ಸೇವನೆ ಬೆನ್ನುಮೂಳೆ ಬೆಸೆಯುವುದನ್ನು ನಿಧಾನಿಸಿದಂತೆ ಕಂಡಿತ್ತು. 2016ರ ಇನ್ನೊಂದರಲ್ಲಿ ಡೈಕ್ಲೋಫೆನಾಕ್‌ನಿಂದ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಮೂಳೆಯ ಆಸೆಗೆಂದೇ ದಿನವೂ ನುಂಗಬೇಕಿಲ್ಲ. ಬಿಟ್ಟರೆ ಮರಳಿ ಬರುವ ಲಕ್ಷಣವಿದ್ದವರು ದಿನವೂ, ಉಳಿದವರು ಬೇಕಾದಾಗ. ದಿನವೂ ತೆಗೆದುಕೊಳ್ಳುವವರು ರಕ್ತದೊತ್ತಡ, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ಮೂರನ್ನೂ ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿಸಬೇಕು.

ವ್ಯಾಯಾಮ: ಮನೆಯಲ್ಲೋ, ನೀರಲ್ಲೋ, ಫಿಸಿಯೋ ಬಳಿಯೋ

ಔಷಧ ಯಾವುದಾದರೂ ಇದಕ್ಕೆ ವಿನಾಯಿತಿ ಇಲ್ಲ. ಔಷಧ ಉರಿಯೂತ ಇಳಿಸುತ್ತದೆ, ಆದರೆ ಕುಗ್ಗಿದ ಸ್ನಾಯುವನ್ನು ಉದ್ದ ಮಾಡುವುದು ಅದರ ಕೈಲಿಲ್ಲ.

ಫಿಸಿಯೋಥೆರಪಿಸ್ಟ್ ಎದುರು ಮಾಡುವ ವ್ಯಾಯಾಮ ಮನೆಯಲ್ಲಿ ಒಬ್ಬರೇ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮನೆಯಲ್ಲಿ ಮಾಡುವುದು ಏನೂ ಮಾಡದಿರುವುದಕ್ಕಿಂತ ಎಷ್ಟೋ ವಾಸಿ. ಮೊದಲು ಕೆಲವು ವಾರ ಕಲಿತು, ಆಮೇಲೆ ಮನೆಯಲ್ಲಿ ಮುಂದುವರಿಸಿ, ಆಗೀಗ ಹೋಗಿ ತಿದ್ದಿಸಿಕೊಳ್ಳುವುದು ಹೆಚ್ಚಿನವರಿಗೆ ನಡೆಯುವ ದಾರಿ. ಬಿಸಿನೀರಿನ ಕೊಳದ ವ್ಯಾಯಾಮ ಬಿಗಿತ ಜಾಸ್ತಿ ಇದ್ದವರಿಗೆ, ಸೊಂಟದ ಕೀಲು ನೋಯುವವರಿಗೆ ಹಿತ. ಆದರೆ ಮೂಳೆಗೆ ಬೇಕಾದ ಭಾರ ನೀರಿನಲ್ಲಿ ಬೀಳುವುದಿಲ್ಲ, ನೆಲದ ವ್ಯಾಯಾಮವನ್ನೂ ಸೇರಿಸಬೇಕು. ಅಲ್ಟ್ರಾಸೌಂಡ್, ಕರೆಂಟು, ಮಸಾಜಿನಂಥ ಮಲಗಿಯೇ ಪಡೆಯುವ ಚಿಕಿತ್ಸೆಗಳಿಗೆ ಹೋಗುವ ಸಮಯವನ್ನು ವ್ಯಾಯಾಮಕ್ಕೆ ಕೊಟ್ಟರೆ ಲಾಭ ಹೆಚ್ಚು. ಇಲ್ಲಿ ನಮಗೆ ಅನುಮಾನವಿಲ್ಲ.

ದಿನದ ಕನಿಷ್ಠ ಪಾಠ ಹೀಗಿರಲಿ. ಬಿಸಿನೀರ ಸ್ನಾನದ ನಂತರ ಬೋರಲಾಗಿ, ತಲೆದಿಂಬಿಲ್ಲದೆ 15 ನಿಮಿಷ ಮಲಗಿ. ಆಗದಿದ್ದರೆ ಎದೆಯ ಕೆಳಗೆ ದಿಂಬಿಟ್ಟು 5 ನಿಮಿಷದಿಂದ ಶುರುಮಾಡಿ. ಗೋಡೆಯ ಮೂಲೆಗೆ ಮುಖಮಾಡಿ ನಿಂತು, ಎರಡೂ ಗೋಡೆಗೆ ಅಂಗೈ ಊರಿ, ಎದೆಯನ್ನು ಮೂಲೆಯತ್ತ ಬಿಟ್ಟು 20ರಿಂದ 30 ಸೆಕೆಂಡು ಹಿಡಿಯಿರಿ, ಮೂರು ಸಲ. ಹಾಸಿಗೆಯ ಅಂಚಿನಲ್ಲಿ ಅಂಗಾತ ಮಲಗಿ, ಒಂದು ಮಂಡಿಯನ್ನು ಎದೆಗೆ ಎಳೆದುಕೊಂಡು ಇನ್ನೊಂದು ಕಾಲನ್ನು ಕೆಳಗೆ ಜೋಲುಬಿಟ್ಟರೆ ತೊಡೆಯ ಮುಂಭಾಗ ಹಿಗ್ಗುತ್ತದೆ. ಬೆನ್ನು ಬಾಗಲು ಶುರುವಾಗುವುದು ಎಷ್ಟೋ ಸಲ ಇಲ್ಲಿಂದಲೇ, ಆದರೂ ಎಲ್ಲರೂ ಬಿಟ್ಟುಬಿಡುವ ವ್ಯಾಯಾಮ ಇದು. ಕುಳಿತು ಸೊಂಟ ಅಲುಗಿಸದೆ ಎದೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸುವುದು, ಪಕ್ಕೆಲುಬಿನ ಮೇಲೆ ಕೈಯಿಟ್ಟು ಆಳವಾದ ಹತ್ತು ಉಸಿರು. ಒಟ್ಟು 20ರಿಂದ 30 ನಿಮಿಷ. ಇದಲ್ಲದೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಸೈಕಲ್ ಅಥವಾ ಈಜು, ವಾರಕ್ಕೆರಡು ದಿನ ಬಲ ಹೆಚ್ಚಿಸುವ ವ್ಯಾಯಾಮ. ಬರೀ ಬಗ್ಗಿಸಿ ಹಿಗ್ಗಿಸಿ ಮುಗಿಸುವವರು ಎದೆಬಡಿತ ಏರಿಸುವ ಭಾಗವನ್ನು ಕಳೆದುಕೊಳ್ಳುತ್ತಾರೆ. ಈ ರೋಗದಲ್ಲಿ ಹೃದಯದ ಅಪಾಯವೂ ಹೆಚ್ಚಿರುವುದರಿಂದ ಆ ಭಾಗ ಅಲಂಕಾರಕ್ಕಲ್ಲ.

ಅತಿಯಾಯಿತೋ ಇಲ್ಲವೋ ತಿಳಿಯಲು ಎರಡು ಗಂಟೆಯ ಲೆಕ್ಕ ಸಾಕು. ವ್ಯಾಯಾಮ ಮುಗಿದು ಎರಡು ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮರುದಿನ ಪ್ರಮಾಣ ಇಳಿಸಿ, ನಿಲ್ಲಿಸಬೇಡಿ.

ಕುತ್ತಿಗೆಯ ಲಟಿಕೆ ಮುರಿಸುವುದು, ಬೆನ್ನು ಜಾಡಿಸಿ ಕೂರಿಸುವುದು ಬೇಡ. ಕಶೇರುಗಳು ಬೆಸೆದುಕೊಂಡಿದ್ದರೆ ಅಥವಾ ಮೂಳೆ ಸವೆದಿದ್ದರೆ ಒಂದು ಜೋರು ತಿರುವಿಗೆ ಮೂಳೆ ಮುರಿದು ನರಕ್ಕೆ ಪೆಟ್ಟಾಗಬಹುದು.

ಎರಡನೇ ಮೆಟ್ಟಿಲಲ್ಲಿ ಕವಲು

ಎರಡು ಮಾತ್ರೆ, ನಾಲ್ಕು ವಾರ, ವ್ಯಾಯಾಮ ಎಲ್ಲ ಆಗಿಯೂ ಆಸ್‌ಡಾಸ್ 2.1ಕ್ಕಿಂತ ಕೆಳಗಿಳಿಯದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಇಲ್ಲಿ ಮೂರು ಗುಂಪುಗಳಿವೆ: ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳು, ಐಎಲ್-17 ತಡೆಯುವ ಚುಚ್ಚುಮದ್ದುಗಳು, ಜ್ಯಾಕ್ ತಡೆಯುವ ಮಾತ್ರೆಗಳು. ಟಿಎನ್‌ಎಫ್, ಐಎಲ್-17 ಎಂಬವು ಉರಿಯೂತ ಹೆಚ್ಚಿಸುವ ದೇಹದ ಸಂದೇಶ ಪ್ರೋಟೀನ್‌ಗಳು; ಜ್ಯಾಕ್ ಅಂಥ ಸಂದೇಶಗಳನ್ನು ಕೋಶದೊಳಗೆ ಸಾಗಿಸುವ ಕಿಣ್ವ. ಸಾಮಾನ್ಯವಾಗಿ ಮೊದಲೆರಡರಲ್ಲಿ ಒಂದರಿಂದ ಆರಂಭ.

ಕಣ್ಣಿನಿಂದ ಶುರುಮಾಡೋಣ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚುವ ಯುವಿಯೈಟಿಸ್ ಪದೇ ಪದೇ ಬರುವವರಿಗೆ ಟಿಎನ್‌ಎಫ್ ಗುಂಪಿನ ಮಾನೋಕ್ಲೋನಲ್ (ಪ್ರತಿಕಾಯ ಮಾದರಿಯ) ಔಷಧಗಳು, ಮುಖ್ಯವಾಗಿ ಅಡಾಲಿಮುಮ್ಯಾಬ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್. ಅದೇ ಗುಂಪಿನ ಎಟನರ್ಸೆಪ್ಟ್ ಬೆನ್ನಿಗೆ ಅವುಗಳಷ್ಟೇ ಒಳ್ಳೆಯದು, ಕಣ್ಣಿಗೆ ಅಲ್ಲ. ಕರುಳಿನ ಉರಿಯೂತ ಇದ್ದರೂ ಇದೇ ಉತ್ತರ: ಎಟನರ್ಸೆಪ್ಟ್ ಅಲ್ಲಿ ಕೆಲಸ ಮಾಡುವುದಿಲ್ಲ, ಐಎಲ್-17 ತಡೆಯುವ ಔಷಧಗಳು ಕರುಳನ್ನು ಕೆರಳಿಸಲೂಬಹುದು. ತೂಕ ಇಳಿಯುತ್ತಿದೆ, ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ ಎಂಬುದನ್ನು ಬೆನ್ನಿಗೆ ಸಂಬಂಧವಿಲ್ಲವೆಂದು ರುಮಟಾಲಜಿಸ್ಟ್‌ಗೆ ಹೇಳದೆ ಬಿಡುವವರಿದ್ದಾರೆ. ಔಷಧದ ಆಯ್ಕೆ ತಲೆಕೆಳಗಾಗುವುದು ಆ ಒಂದು ಮಾತಿನಿಂದ.

ಚರ್ಮದಲ್ಲಿ ಸೋರಿಯಾಸಿಸ್ ಜೋರಾಗಿದ್ದರೆ ತಕ್ಕಡಿ ಐಎಲ್-17ರತ್ತ ವಾಲುತ್ತದೆ: ಸೆಕುಕಿನುಮ್ಯಾಬ್, ಇಕ್ಸೆಕಿಜುಮ್ಯಾಬ್, ಬಿಮೆಕಿಜುಮ್ಯಾಬ್. ಇವುಗಳಿಂದ ಬಾಯಿ ಮತ್ತು ಜನನಾಂಗದ ಭಾಗದಲ್ಲಿ ಕ್ಯಾಂಡಿಡಾ ಫಂಗಸ್ ಸೋಂಕು ಬರಬಹುದು. ಸಾಮಾನ್ಯವಾಗಿ ಸಣ್ಣದು, ಔಷಧಕ್ಕೆ ಬಗ್ಗುತ್ತದೆ. ಟಿಬಿ ಮರುಕಳಿಸುವ ಭಯ ಟಿಎನ್‌ಎಫ್ ಗುಂಪಿಗಿಂತ ಇಲ್ಲಿ ಬಹಳ ಕಡಿಮೆ. ತೀವ್ರ ಹೃದಯ ವೈಫಲ್ಯ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರರೋಗ ಇದ್ದವರಿಗೂ ಟಿಎನ್‌ಎಫ್ ಬೇಡ, ಐಎಲ್-17 ನೋಡಬಹುದು.

ಜ್ಯಾಕ್ ಮಾತ್ರೆಗಳು ಟೋಫಾಸಿಟಿನಿಬ್ 5 ಮಿ.ಗ್ರಾಂ. ದಿನಕ್ಕೆರಡು ಸಲ, ಉಪಾಡಾಸಿಟಿನಿಬ್ 15 ಮಿ.ಗ್ರಾಂ. ಒಂದು ಸಲ. ಸೂಜಿ ಇಲ್ಲ, ಫ್ರಿಜ್ ಬೇಕಿಲ್ಲ, ಫಲ ಬೇಗ ಕಾಣುತ್ತದೆ. ಅದಕ್ಕೇ ಇವು ಮೊದಲ ನೋಟಕ್ಕೆ ಎಲ್ಲರಿಗೂ ಹಿಡಿಸುತ್ತವೆ. ಆದರೆ 65 ದಾಟಿದವರು, ಧೂಮಪಾನಿಗಳು, ಹೃದಯ ಅಥವಾ ಕ್ಯಾನ್ಸರ್ ಅಪಾಯ ಹೆಚ್ಚಿರುವವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು ಬೇರೆ ದಾರಿ ಇಲ್ಲದಾಗ ಮಾತ್ರ ಇತ್ತ ಬರಬೇಕು. ಸರ್ಪಸುತ್ತು ಬರುವ ಸಂಭವ ಹೆಚ್ಚು. ರಕ್ತಕಣ, ಯಕೃತ್ತು, ಕೊಲೆಸ್ಟರಾಲ್ ಪರೀಕ್ಷೆ ತಪ್ಪಿಸುವಂತಿಲ್ಲ. ಗರ್ಭಿಣಿಯರಿಗೆ ಕೊಡುವಂತಿಲ್ಲ.

ಮಗು ಬೇಕೆನ್ನುವ ಮಹಿಳೆಯರಿಗೆ ಟಿಎನ್‌ಎಫ್ ಗುಂಪೇ ಹೆಚ್ಚು ಪರಿಚಿತ ನೆಲ. ಅದರಲ್ಲೂ ಸರ್ಟೊಲಿಜುಮ್ಯಾಬ್ ಮಾಸನ್ನು (ಪ್ಲಾಸೆಂಟಾ) ದಾಟುವುದು ತೀರ ಅತ್ಯಲ್ಪ. ಎನ್‌ಎಸ್‌ಎಐಡಿ ಮಾತ್ರೆಗಳನ್ನು ಗರ್ಭದ 20 ವಾರದ ನಂತರ ವೈದ್ಯರು ಹೇಳದ ಹೊರತು ಮುಟ್ಟಬಾರದು.

ಈ ಗುಂಪುಗಳ ಹೊರಗೆ ಇನ್ನೂ ಕೆಲವು ಹೆಸರುಗಳು ಕಿವಿಗೆ ಬೀಳುತ್ತವೆ. ಮೆಥೊಟ್ರೆಕ್ಸೇಟ್ ಬೆನ್ನಿಗೆ ಕೆಲಸ ಮಾಡುವುದಿಲ್ಲ. ಸಲ್ಫಸಲಜೀನ್ ಮಂಡಿ, ಪಾದದ ಕೀಲುಗಳು ಊದಿಕೊಂಡಿದ್ದರೆ ಪರಿಗಣಿಸಬಹುದು, ಬೆನ್ನಿಗಲ್ಲ. ದಿನನಿತ್ಯ ನುಂಗುವ ಸ್ಟೀರಾಯ್ಡ್ ಬೆನ್ನಿನ ರೋಗದಲ್ಲಿ ಬಳಸುವ ಔಷಧವೇ ಅಲ್ಲ, ಮೊದಲೇ ದುರ್ಬಲವಾಗುತ್ತಿರುವ ಮೂಳೆಯನ್ನು ಅದು ಇನ್ನಷ್ಟು ತೆಳುಮಾಡುತ್ತದೆ. ಒಂದೇ ಕೀಲು ಕಾಡುತ್ತಿದ್ದರೆ ಅಲ್ಲಿಗೇ ಸ್ಟೀರಾಯ್ಡ್ ಚುಚ್ಚುವುದು ಬೇರೆ ಮಾತು. ಸೋರಿಯಾಸಿಸ್‌ಗೆ ಅದ್ಭುತವಾಗಿ ಕೆಲಸ ಮಾಡುವ ಐಎಲ್-23 ತಡೆಯುವ ಔಷಧಗಳು ಈ ರೋಗದ ಪ್ರಯೋಗಗಳಲ್ಲಿ ಸೋತವು. ಪರಿಚಿತರೊಬ್ಬರ ಚರ್ಮ ಗುಣವಾದ ಚುಚ್ಚುಮದ್ದನ್ನೇ ಕೇಳಿ ಪಡೆಯುವ ಮೊದಲು ಇದು ನೆನಪಿರಲಿ.

ಬಯೋಸಿಮಿಲರ್ (ಮೂಲ ಚುಚ್ಚುಮದ್ದನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ ಔಷಧ) ಕಡಿಮೆ ದರ್ಜೆಯದೇನೋ ಎಂಬ ಅಳುಕು ಬೇಡ. ಮೂಲ ಔಷಧದಷ್ಟೇ ಫಲ ಮತ್ತು ಸುರಕ್ಷತೆ ತೋರಿಸಿದ ಮೇಲೆಯೇ ಅವಕ್ಕೆ ಅನುಮತಿ ಸಿಗುವುದು.

ಶುರುಮಾಡುವ ಮೊದಲು

ಎರಡನೇ ಮೆಟ್ಟಿಲಿನ ಯಾವ ಔಷಧಕ್ಕೂ ಮುನ್ನ ಟಿಬಿಗೆ ಇಗ್ರಾ ರಕ್ತಪರೀಕ್ಷೆ ಅಥವಾ ಮಾಂಟೂ ಚರ್ಮಪರೀಕ್ಷೆ, ಜೊತೆಗೆ ಎದೆಯ ಎಕ್ಸ್‌-ರೇ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ. ಟಿಬಿ ಒಳಗೆ ಸುಪ್ತವಾಗಿದ್ದರೆ ತಡೆ ಔಷಧ ಶುರುಮಾಡಿ ಕನಿಷ್ಠ ಒಂದು ತಿಂಗಳಾದ ಮೇಲೆ ಚುಚ್ಚುಮದ್ದು, ತಡೆ ಔಷಧದ ಕೋರ್ಸ್ ಮಾತ್ರ ಪೂರ್ತಿ ಮುಗಿಯಲೇಬೇಕು. ಪರೀಕ್ಷೆ ನೆಗೆಟಿವ್ ಬಂದಿದ್ದರೂ ಮುಂದೆ ವಾರಗಟ್ಟಲೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಕಂಡರೆ ಮತ್ತೆ ಹುಡುಕಬೇಕು. ಈ ಔಷಧಗಳ ಮೇಲಿದ್ದಾಗ ಟಿಬಿ ಶ್ವಾಸಕೋಶದ ಹೊರಗೂ ಕಾಣಿಸಿಕೊಳ್ಳುತ್ತದೆ. ಜೀವಂತ ವೈರಾಣು ಇರುವ ಲಸಿಕೆಗಳನ್ನು ಶುರುಮಾಡುವುದಕ್ಕೆ ನಾಲ್ಕು ವಾರ ಮೊದಲೇ ಮುಗಿಸಿ, ಆಮೇಲೆ ಅವು ನಿಷಿದ್ಧ. ಫ್ಲೂ ಚುಚ್ಚುಮದ್ದು, ನ್ಯುಮೋಕಾಕಸ್, ಸರ್ಪಸುತ್ತಿನ ರಿಕಾಂಬಿನೆಂಟ್ (ಜೀವಂತ ವೈರಾಣು ಇಲ್ಲದ) ಲಸಿಕೆಗಳನ್ನು ಯಾವಾಗ ಬೇಕಾದರೂ ಹಾಕಿಸಬಹುದು.

ಪೆನ್, ಸಿರಿಂಜ್, ಡ್ರಿಪ್

ಔಷಧ ಎರಡರಲ್ಲಿ ಯಾವುದೂ ಆದೀತು ಎಂದಾದಾಗ ಅಂತರವೇ ಆಯ್ಕೆ. ಎಟನರ್ಸೆಪ್ಟ್ 50 ಮಿ.ಗ್ರಾಂ. ವಾರಕ್ಕೊಮ್ಮೆ. ಅಡಾಲಿಮುಮ್ಯಾಬ್ 40 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ. ಗೋಲಿಮುಮ್ಯಾಬ್ 50 ಮಿ.ಗ್ರಾಂ. ತಿಂಗಳಿಗೊಮ್ಮೆ. ಸೆಕುಕಿನುಮ್ಯಾಬ್ 150 ಮಿ.ಗ್ರಾಂ. ಮೊದಲು ವಾರವಾರ ಐದು ಸಲ, ನಂತರ ತಿಂಗಳಿಗೊಮ್ಮೆ. ಇನ್‌ಫ್ಲಿಕ್ಸಿಮ್ಯಾಬ್ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಡ್ರಿಪ್ ಮೂಲಕ 0, 2, 6ನೇ ವಾರ, ಆಮೇಲೆ 6ರಿಂದ 8 ವಾರಕ್ಕೊಮ್ಮೆ. ಪ್ರತಿ ಸಲ ಆಸ್ಪತ್ರೆಯಲ್ಲಿ ಅರ್ಧ ದಿನ ಹೋಗುತ್ತದೆ. ಡೋಸ್ ಮರೆಯುವ ಅಭ್ಯಾಸದವರಿಗೆ ಆ ಅರ್ಧ ದಿನವೇ ಅನುಕೂಲ. ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ಗಳನ್ನು ಆಗೊಮ್ಮೆ ಈಗೊಮ್ಮೆ ತಪ್ಪಿಸಿದರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟಿಕೊಂಡು ಅದು ಕೆಲಸ ನಿಲ್ಲಿಸುವ ಸಂಭವ ಏರುತ್ತದೆ.

ಪೆನ್‌ಗೆ ಸೂಜಿ ಕಾಣುವುದಿಲ್ಲ, ಬೆರಳು ಬಿಗಿದವರಿಗೂ ಸುಲಭ. ಆದರೆ ವೇಗ ನಿಮ್ಮ ಕೈಯಲ್ಲಿಲ್ಲ. ಉರಿ ತಾಳದವರಿಗೆ ನಿಧಾನವಾಗಿ ಒತ್ತಬಹುದಾದ ಸಿರಿಂಜ್ ವಾಸಿ. ಸಿಟ್ರೇಟ್ ಇಲ್ಲದ ತಯಾರಿಕೆ ಇದ್ದರೆ ಉರಿ ಇನ್ನೂ ಕಡಿಮೆ. ಚುಚ್ಚುವ ಮೊದಲು 15ರಿಂದ 30 ನಿಮಿಷ ಹೊರಗಿಡಿ, ಬಿಸಿನೀರಿನಲ್ಲಿ ಅದ್ದಬೇಡಿ, ಅಲ್ಲಾಡಿಸಬೇಡಿ. ತೊಡೆ, ಅಥವಾ ಹೊಕ್ಕುಳಿನಿಂದ 5 ಸೆಂ.ಮೀ. ದೂರದ ಹೊಟ್ಟೆ, ಪ್ರತಿ ಸಲ ಜಾಗ ಬದಲಿಸಿ. ಪೆನ್ ಕ್ಲಿಕ್ ಎಂದ ಕೂಡಲೇ ಎತ್ತಿಬಿಟ್ಟು ಅರ್ಧ ಔಷಧ ಚರ್ಮದ ಮೇಲೆ ಹರಿಯುವುದು ಹೊಸಬರ ಸಾಮಾನ್ಯ ತಪ್ಪು. ಕಿಟಕಿಯ ಬಣ್ಣ ಪೂರ್ತಿ ಬದಲಾಗುವವರೆಗೆ, ಸುಮಾರು 10ರಿಂದ 15 ಸೆಕೆಂಡು, ಒತ್ತಿ ಹಿಡಿಯಿರಿ.

ಸಂಗ್ರಹ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನ ಪಕ್ಕದಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ಚೆನ್ನಾಗಿ ಕಂಡರೂ ಎಸೆಯಬೇಕು. ಪ್ರಯಾಣದಲ್ಲಿ ಐಸ್ ಪ್ಯಾಕ್ ಔಷಧಕ್ಕೆ ನೇರ ತಾಗದಂತೆ ಬಟ್ಟೆ ಸುತ್ತಿ, ಚೀಲವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಜ್ವರವಿದ್ದರೆ ಅಥವಾ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಆ ಡೋಸ್ ಮುಂದಕ್ಕೆ ಹಾಕಿ ವೈದ್ಯರಿಗೆ ತಿಳಿಸಿ.

12 ವಾರದ ನಂತರವೂ ನೋವಿದ್ದರೆ

ಕನಿಷ್ಠ 12 ವಾರ ಕೊಟ್ಟ ಮೇಲೆ ಅಂಕ ನೋಡಿ. ಮೊದಲಿಂದಲೂ ಏನೂ ಆಗದಿದ್ದರೆ ಬೇರೆ ಗುಂಪಿಗೆ ಹೋಗುವುದು ಸಮಂಜಸ. ಒಂದೆರಡು ವರ್ಷ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಸೋತಿದ್ದರೆ ಅದೇ ಗುಂಪಿನ ಇನ್ನೊಂದೂ ಆದೀತು. ಆದರೆ ಔಷಧ ಬದಲಿಸುವ ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಬೇಕು: ಉಳಿದಿರುವ ನೋವು ಉರಿಯೂತದ್ದೇ? ಸಿಆರ್‌ಪಿ ಇಳಿದಿದೆ, ಎಂಆರ್‌ಐಯಲ್ಲಿ ಊತವಿಲ್ಲ, ಆದರೂ ಮೈಯೆಲ್ಲ ನೋವು, ನಿದ್ದೆಯಿಲ್ಲ ಎಂದರೆ ಅದು ಫೈಬ್ರೊಮಯಾಲ್ಜಿಯಾ ಇರಬಹುದು, ಸ್ನಾಯು ಕ್ಷೀಣಿಸಿದ್ದಿರಬಹುದು, ಅಥವಾ ಬೆಸೆದ ಭಾಗದ ಮೇಲೆ ಕೆಳಗಿನ ಕೀಲುಗಳಿಗೆ ಬಿದ್ದ ಹೆಚ್ಚಿನ ಭಾರ ಇರಬಹುದು. ಅದಕ್ಕೆ ಇನ್ನೊಂದು ಹೊಸ ಚುಚ್ಚುಮದ್ದು ಉತ್ತರವಲ್ಲ. ಧೂಮಪಾನಿಗಳಲ್ಲಿ ರೋಗದ ಚಟುವಟಿಕೆಯೂ ಮೂಳೆ ಬೆಸೆಯುವುದೂ ಹೆಚ್ಚು ಎಂಬುದನ್ನೂ ಇಲ್ಲೇ ಹೇಳಬೇಕು. ಔಷಧ ಬದಲಿಸಿ ಬೀಡಿ, ಸಿಗರೇಟು ಮುಂದುವರಿಸುವುದು ವಿಚಿತ್ರ ಆಯ್ಕೆ.

ಹಾಸಿಗೆ, ದಿಂಬು, ಕುರ್ಚಿ

ಹಾಸಿಗೆ ಮಧ್ಯಮ ಗಟ್ಟಿ, ಸೊಂಟ ಕುಳಿಬೀಳದಂತಿರಬೇಕು. ದಿಂಬು ತೆಳ್ಳಗಿನ ಒಂದೇ ಒಂದು. ಎರಡು ದಿಂಬು ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿ ವರ್ಷಗಳಲ್ಲಿ ಹಾಗೆಯೇ ನಿಲ್ಲಿಸುತ್ತವೆ. ಕುತ್ತಿಗೆ ಈಗಾಗಲೇ ಬಾಗಿ ಗಟ್ಟಿಯಾಗಿದ್ದರೆ ಮಾತ್ರ ತಲೆ ಜೋಲದಷ್ಟು ಎತ್ತರ ಕೊಡಬೇಕು. ಬಿಗಿತಕ್ಕೆ ಬಿಸಿ ಶಾಖ, ಊದಿ ಕೆಂಪಾದ ಹಿಮ್ಮಡಿ ಅಥವಾ ಮಂಡಿಗೆ ತಣ್ಣನೆಯದು. ದುಬಾರಿ ಕುರ್ಚಿಗಿಂತ ಅರ್ಧ ಗಂಟೆಗೊಮ್ಮೆ ಎದ್ದೇಳಿಸುವ ಅಲಾರಂ ಹೆಚ್ಚು ಕೆಲಸ ಮಾಡುತ್ತದೆ. ಸೊಂಟಪಟ್ಟಿ ಬೇಡ, ಅದು ಬಿಗಿತವನ್ನು ಪೋಷಿಸುತ್ತದೆ. ವಾಹನ ಓಡಿಸುವವರು ಕುತ್ತಿಗೆ ತಿರುಗದಿದ್ದರೆ ಅಗಲ ನೋಟದ ಕನ್ನಡಿ ಹಾಕಿಸಿ, ತಲೆಯ ಆಸರೆಯನ್ನು ತಲೆಗೆ ತಾಗುವಷ್ಟು ಹತ್ತಿರ ತನ್ನಿ.

ಬೆಸೆದ ಬೆನ್ನಿಗೆ ಬೇರೆ ನಿಯಮ

ಕಶೇರುಗಳು ಬೆಸೆದ ಮೇಲೆ ಸಣ್ಣ ಜಾರುವಿಕೆಯೂ ಮೂಳೆ ಮುರಿಯಬಲ್ಲದು, ಹೆಚ್ಚಾಗಿ ಕುತ್ತಿಗೆಯ ಕೆಳಭಾಗದಲ್ಲಿ. ಬಿದ್ದ ನಂತರ ಬೆನ್ನಲ್ಲೋ ಕುತ್ತಿಗೆಯಲ್ಲೋ ಹೊಸ ರೀತಿಯ ನೋವು ಬಂದರೆ, ಎಕ್ಸ್‌-ರೇ ಸರಿಯಿದೆ ಎಂದರೂ ಸಿಟಿ ಅಥವಾ ಎಂಆರ್‌ಐ ಕೇಳಿ. ಮುರಿತ ಎಕ್ಸ್‌-ರೇಯಲ್ಲಿ ಅಡಗಿಕೊಳ್ಳುತ್ತದೆ. ಸಾಗಿಸುವವರು ಕುತ್ತಿಗೆಯನ್ನು "ನೇರ" ಮಾಡಲು ಹೋಗಬಾರದು, ಮೊದಲು ಹೇಗೆ ಬಾಗಿತ್ತೋ ಅದೇ ಭಂಗಿಯಲ್ಲಿ ಆಧಾರ ಕೊಡಬೇಕು. ಈ ಮಾತನ್ನು ಮನೆಯವರಿಗೆ ಮೊದಲೇ ಹೇಳಿಡಿ, ಪರ್ಸಿನಲ್ಲಿ ಒಂದು ಚೀಟಿಯೂ ಇರಲಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಕುತ್ತಿಗೆ, ದವಡೆ ಎಷ್ಟು ಅಲುಗುತ್ತವೆ ಎಂದು ತೋರಿಸಬೇಕು. ಉಸಿರಿನ ನಳಿಗೆ ಇಳಿಸಲು ಅವರು ಬೇರೆ ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ.

ಮೂಳೆ ಸಾಂದ್ರತೆ ಪರೀಕ್ಷೆಯಲ್ಲಿ ಸೊಂಟದ ಕಶೇರುಗಳ ಅಂಕ ಸುಳ್ಳು ಭರವಸೆ ಕೊಡುತ್ತದೆ, ಹೊರಗೆ ಬೆಳೆದ ಹೊಸ ಮೂಳೆಯೂ ಲೆಕ್ಕಕ್ಕೆ ಸೇರುವುದರಿಂದ. ತೊಡೆಮೂಳೆಯ ಮೇಲ್ತುದಿಯ ಕಿರಿದಾದ ಭಾಗದ (ಫೀಮರಲ್ ನೆಕ್) ಅಂಕ ನೋಡಿ.

ತೊಡೆಸಂದು ಹಾಳಾಗಿ ಎಕ್ಸ್‌-ರೇಯಲ್ಲಿ ಜಾಗವೇ ಉಳಿಯದಿದ್ದರೆ ವಯಸ್ಸು ಚಿಕ್ಕದೆಂದು ವರ್ಷಗಟ್ಟಲೆ ಕಾಯಬೇಕಿಲ್ಲ, ಕೀಲು ಬದಲಾವಣೆ ಒಳ್ಳೆಯ ಫಲ ಕೊಡುತ್ತದೆ. ಮೂಳೆ ಕತ್ತರಿಸಿ ಬೆನ್ನನ್ನೇ ನೆಟ್ಟಗೆ ಮಾಡುವ ಆಸ್ಟಿಯೋಟಮಿ ಶಸ್ತ್ರಚಿಕಿತ್ಸೆ ಬೇರೆಯದೇ ಮಟ್ಟದ ಅಪಾಯ. ಎದುರಿನ ದಾರಿ ಕಾಣದಷ್ಟು ಬಾಗಿದವರಿಗೆ, ಅದರಲ್ಲೇ ನುರಿತ ತಂಡ ಸಿಕ್ಕರೆ ಮಾತ್ರ.

ತಣ್ಣಗಾದ ಮೇಲೆ: ನಿಲ್ಲಿಸುವುದೋ, ಅಂತರ ಹೆಚ್ಚಿಸುವುದೋ

ರೋಗ ತಿಂಗಳುಗಟ್ಟಲೆ ಶಾಂತವಾಗಿದ್ದಾಗ "ಇನ್ನು ಸಾಕು" ಎನಿಸುವುದು ಸಹಜ. ಇಲ್ಲಿ ಅಂಕಿಗಳು ಸ್ಪಷ್ಟವಾಗಿವೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸರ್ಟೊಲಿಜುಮ್ಯಾಬ್‌ನಿಂದ ರೋಗ ಪೂರ್ತಿ ತಣ್ಣಗಾದವರನ್ನು ಮೂರು ಪಾಲು ಮಾಡಿ 48 ವಾರ ಗಮನಿಸಿದರು. ಪೂರ್ತಿ ಡೋಸ್ ಮುಂದುವರಿಸಿದವರಲ್ಲಿ ನೂರಕ್ಕೆ ಸುಮಾರು 84 ಮಂದಿಗೆ, ಅರ್ಧಕ್ಕೆ ಇಳಿಸಿದವರಲ್ಲಿ 79 ಮಂದಿಗೆ ರೋಗ ಮರಳಲಿಲ್ಲ. ಪೂರ್ತಿ ನಿಲ್ಲಿಸಿದವರಲ್ಲಿ ಉಳಿದುಕೊಂಡವರು 20 ಮಂದಿ. ಹಾಗಾಗಿ ಒಮ್ಮೆಲೇ ನಿಲ್ಲಿಸುವ ಬದಲು ಎರಡು ವಾರದ ಚುಚ್ಚುಮದ್ದನ್ನು ಮೂರು ವಾರಕ್ಕೆ, ಮೂರು ತಿಂಗಳ ನಂತರ ಅಂಕ ನೋಡಿ ನಾಲ್ಕು ವಾರಕ್ಕೆ ಎಳೆಯುವ ಕ್ರಮವನ್ನು ವೈದ್ಯರೊಂದಿಗೆ ಮಾತಾಡಿ. ಯುವಿಯೈಟಿಸ್ ಅಥವಾ ಕರುಳಿಗೆಂದೂ ಅದೇ ಔಷಧ ನಡೆಯುತ್ತಿದ್ದರೆ ಕಣ್ಣಿನ, ಹೊಟ್ಟೆಯ ವೈದ್ಯರ ಒಪ್ಪಿಗೆಯೂ ಬೇಕು. ಬೆಳಗಿನ ಬಿಗಿತದ ನಿಮಿಷಗಳು ಎರಡು ವಾರ ಸತತವಾಗಿ ಏರಿದರೆ ಹಿಂದಿನ ಅಂತರಕ್ಕೆ ಮರಳಿ, ಬಹುತೇಕರಿಗೆ ಅದೇ ಔಷಧ ಮತ್ತೆ ಹಿಡಿತ ಕೊಡುತ್ತದೆ.